ಖಾಲಿ ಬಿಟ್ಟ ಕಾಲಂ

ವಾಸಂತಿ ಸರ್ವರ್ ನಿಲ್ಲಿಸುವ ಆಜ್ಞೆಯನ್ನು ಮೂರನೆಯ ಸಲವೂ ತಪ್ಪಾಗಿ ಒತ್ತಿದಳು. ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಉಳಿದ ಮೂರೂ ಇವತ್ತು ಅವುಗಳ ಪಕ್ಷ ಸೇರಿದ್ದವು. ಕಿವಿಗೂ ಭುಜಕ್ಕೂ ನಡುವೆ ಫೋನು. ಅದರೊಳಗೆ ತಿರುವೊಟ್ಟಿಯೂರಿನ ರಮಾಬಾಯಿ, ಕನ್ನಡ ಸಂಘದ ಹಳೇ ಸದಸ್ಯೆ, ಉಸಿರು ಬಿಡದೆ ಮಾತಾಡುತ್ತಿದ್ದರು.

"ಚಿಕ್ಕ ಮಗಳ ಬಯೋಡೇಟಾ ತಿದ್ದೋಣ ಅಂತ ಸಂಘದ ಸೈಟ್ ತೆಗೆದೆ ಮಾ. ತೆಗೆದ್ರೆ ಒಂದು ಎಚ್ಚರಿಕೆ ಬಂತು, ನಂಗೆ ಪಯಮಾಯ್ತು. ಅಳಿಯ ಅದನ್ನ ಒತ್ತಿ ಒಳಗೆ ನೋಡಿದ್ರೆ ಯಾರೋ ಶರಣ್ಯಾ ಸುರೇಶ ಅಂತೆ! ಕಳ್ಳಿ, ಅಡ್ರೆಸ್ಸು ಬೇರೆ ಕೊಟ್ಟಿದಾಳೆ, ಎಷ್ಟು ಕೊಬ್ಬು ನೋಡು. ಯಾರಮ್ಮಾ ಅವಳು?"

"ಗೊತ್ತಿಲ್ಲ ರಮಕ್ಕ."

"ಗೊತ್ತಿಲ್ಲಾಂದ್ರೆ ಹೆಂಗೆ? ನಿಮ್ಮ ಪಲ್ಲಾವರಂನೋಳೇ. ಪೊಲೀಸಿಗೆ ಹೇಳಿ ಹಿಡಿಸು."

ನಾಲ್ಕನೆಯ ಸಲ ಆಜ್ಞೆ ಸರಿಯಾಗಿ ಬಿತ್ತು. ಸೈಟು ನಿಂತಿತು. ವಾಸಂತಿ ಫೋನ್ ಇಟ್ಟಳು. ಸಂಘದ ಕಚೇರಿಯ ಕೆಳಗಿನ ಹಿಟ್ಟಿನ ಗಿರಣಿಯ ಅದುರು ನೆಲದಿಂದ ಕುರ್ಚಿಗೆ, ಕುರ್ಚಿಯಿಂದ ಅವಳ ಹಲ್ಲಿಗೆ ಹತ್ತುತ್ತಿತ್ತು.

ಶರಣ್ಯಾ ಸುರೇಶ ಅವಳೇ.

ಸಂಘದವರಿಗೆಲ್ಲ ಅವಳು ವಾಸಂತಿ. ನಿಜವಾದ ಹೆಸರು ಬಲ್ಲವರು ಈ ಊರಲ್ಲಿ ಇಬ್ಬರೇ: ಮನೆಯಲ್ಲಿ ಇಟ್ಟುಕೊಂಡ ಸೋದರತ್ತೆ ಬಸವಣ್ಣೆಮ್ಮ, ಕೆಲಸ ಕೊಟ್ಟ ಸಂಘದ ಅಧ್ಯಕ್ಷ ಪರಮೇಶ್ವರಪ್ಪ. ಅಪ್ಪ ಬದುಕಿದ್ದಾಗ ರೈಲ್ವೆಯಲ್ಲಿ ಪರಮೇಶ್ವರಪ್ಪನ ಪಕ್ಕದ ಕೌಂಟರಿನಲ್ಲಿ ಕೂತವನು. ಎರಡು ವರ್ಷದ ಹಿಂದೆ, 2004ರ ಬೇಸಗೆಯಲ್ಲಿ, ಅವಳು ದಾವಣಗೆರೆಯಿಂದ ಒಂದು ಚೀಲ ಹಿಡಿದು ರೈಲು ಹತ್ತಿದ್ದಳು. ಬೆರಳಿಗೆ ಆಗಿನ್ನೂ ಬ್ಯಾಂಡೇಜಿತ್ತು.

ದಾವಣಗೆರೆಯಲ್ಲಿ ಅವಳ ಗಂಡ ಸುರೇಶನಿಗೆ ಬ್ರೌಸಿಂಗ್ ಸೆಂಟರ್. ಅಂಗಡಿಯ ಎಂಟು ಕಂಪ್ಯೂಟರಿನಿಂದ ಹೋಗುವ ಇ-ಮೇಲ್ ಪತ್ರಗಳೆಲ್ಲ ಅವನ ಕಂಪ್ಯೂಟರನ್ನು ದಾಟಿಯೇ ಹೋಗಬೇಕು. ಬೀಗವಿಲ್ಲದ ಪತ್ರ ಅಂಚೆ ಕಾರ್ಡಿನಂತೆ. ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಅವಳು ಸೋದರತ್ತೆಗೆ ಬರೆದದ್ದನ್ನೆಲ್ಲ ಅವನು ಓದಿದ್ದ; ಅತ್ತೆಯ ಮನೆಯ ವಿಳಾಸ ಮಾತ್ರ ಅದರಲ್ಲಿರಲಿಲ್ಲ. ರಾತ್ರಿ ಊಟಕ್ಕೆ ಕೂತು ಸಾಲು ಸಾಲಾಗಿ ಬಾಯಿಪಾಠ ಒಪ್ಪಿಸಿದ್ದ, ನಡುನಡುವೆ ಉಪ್ಪಿನಕಾಯಿ ಕೇಳುತ್ತ. ಮರುದಿನ ಅಂಗಡಿ ಮುಚ್ಚುವಾಗ ಅವಳ ಕೈ ಹೊಸ್ತಿಲ ಮೇಲಿತ್ತು. ಅದು ಅಲ್ಲಿದೆ ಎಂದು ನೋಡಿಕೊಂಡೇ ಅವನು ಷಟರ್ ಎಳೆದ.

ಆಮೇಲೆ ಬೀಗ ಹಾಕುವುದನ್ನು ಕಲಿಯಲೇಬೇಕು ಎಂದು ಅವಳಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿದೆ? ಸಂಘದ ವಧೂವರರ ಸೈಟಿಗೆ ಬೀಗ ಹಾಕುವ ಎಸ್‌ಎಸ್‌ಎಲ್ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ನಮ್ಮ ಹುಡುಗಿಯರ ವಿಳಾಸಗಳು ಬಯಲಲ್ಲಿ ಓಡಾಡುತ್ತವೆ ಎಂದು ಹಟ ಹಿಡಿದವಳೇ ಅವಳು. ಕಂಪನಿಯಿಂದ ಪ್ರಮಾಣಪತ್ರ ತರಿಸಲು ಸಮಿತಿಯ ಒಪ್ಪಿಗೆ ಬೇಕಿತ್ತು. ಅಲ್ಲಿಯವರೆಗೆ ನಮ್ಮ ಸಹಿ ನಾವೇ ಹಾಕಿಕೊಂಡ ಒಂದು ಪ್ರಮಾಣಪತ್ರ ಇರಲಿ ಎಂದು, ಪುಸ್ತಕ ನೋಡಿಕೊಂಡು ಹನ್ನೊಂದು ದಿನದ ಹಿಂದೆ ಕೂತಿದ್ದಳು. ಕಪ್ಪು ಪರದೆ ಒಂದೊಂದಾಗಿ ಪ್ರಶ್ನೆ ಕೇಳಿತು. ದೇಶ? ರಾಜ್ಯ? ಊರು? ಸಂಸ್ಥೆ? ವಿಭಾಗ? ಕೊನೆಗೆ ಹೆಸರು, ಪಕ್ಕದಲ್ಲಿ ಆವರಣದೊಳಗೆ "ಉದಾಹರಣೆಗೆ ನಿಮ್ಮ ಹೆಸರು" ಎಂಬ ಸಲಹೆ.

ಅವಳು ರಿಸರ್ವೇಷನ್ ಕ್ಲರ್ಕಿನ ಮಗಳು. ಫಾರಂನಲ್ಲಿ ಒಂದು ಕಾಲಮ್ಮನ್ನೂ ಖಾಲಿ ಬಿಡಬಾರದು, ಒಂದನ್ನೂ ಸುಳ್ಳಿನಿಂದ ತುಂಬಬಾರದು. ಇದು ಆ ಮನೆಯಲ್ಲಿ ಅನ್ನದ ಜೊತೆ ಬಡಿಸಿದ ಮಾತು. ವಯಸ್ಸು ತಪ್ಪು ಬರೆದ ಮುದುಕನನ್ನು ಜೋಲಾರ್‌ಪೇಟೆಯಲ್ಲಿ ಇಳಿಸಿದ ಕಥೆಯನ್ನು ಅಪ್ಪ ನೂರು ಸಲ ಹೇಳಿದ್ದ. ಸುಳ್ಳು ಹೆಸರಿನ ಪ್ರಮಾಣಪತ್ರ ನಡುದಾರಿಯಲ್ಲಿ ಇಳಿದುಬಿಟ್ಟರೆ? ಅಲ್ಲದೆ ಬರೆದದ್ದೆಲ್ಲ ಬೀಗದ ಒಳಗೇ ತಾನೆ ಇರುವುದು ಎಂದುಕೊಂಡಳು. ನಿಜವಾದ ಹೆಸರು ಬರೆದಳು. ವಿಳಾಸಕ್ಕೆ ಕಾಲಂ ಇರಲಿಲ್ಲವೆಂದು ವಿಭಾಗದ ಮುಂದೆ ಮನೆ ನಂಬರು, ಬೀದಿ ಬರೆದಳು. ಹೆಸರಿನ ಕಾಲಮ್ಮಿನಲ್ಲಿ ಬರೆಯಬೇಕಾದ್ದು ಸೈಟಿನ ಹೆಸರು, ಮತ್ತು ಪ್ರಮಾಣಪತ್ರ ಎಂಬುದು ಬೀಗದ ಒಳಗೆ ಇರುವುದಲ್ಲ, ಬಾಗಿಲ ಮೇಲೆ ಬಂದವರಿಗೆಲ್ಲ ಕಾಣುವಂತೆ ತೂಗುವ ಫಲಕ ಎಂಬುದನ್ನು ಆ ಪುಸ್ತಕ ಮುಂದಿನ ಅಧ್ಯಾಯಕ್ಕೆ ಇಟ್ಟುಕೊಂಡಿತ್ತು.

ಸೈಟಿಗೆ ಬಂದುಹೋದವರ ದಾಖಲೆ ತೆರೆದಳು. ಸಾಲುಗಳು ಉರುಳಿದವು. ಎಚ್ಚರಿಕೆ ನೋಡಿ ಹೆದರಿ ಹಿಂದೆ ಹೋದವರೇ ಹೆಚ್ಚು. ಒಂದು ಕಂಪ್ಯೂಟರಿನ ನಂಬರು ಮಾತ್ರ ಮತ್ತೆ ಮತ್ತೆ ಬಂದಿತ್ತು. ಮುಖಪುಟ ಬಿಟ್ಟು ಒಳಗೆಲ್ಲೂ ಹೋಗಿಲ್ಲ. ಬೆಳಗ್ಗೆ ಹತ್ತಕ್ಕೆ ಶುರು, ರಾತ್ರಿ ಎಂಟಕ್ಕೆ ಮುಕ್ತಾಯ. ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ, ಒಂದು ದಿನವೂ ತಪ್ಪದೆ, ಏನೂ ಇಲ್ಲ.

ಆ ಬಿಡುವು ಅವಳಿಗೆ ಗೊತ್ತು. ಎರಡೂವರೆಗೆ ಷಟರ್ ಅರ್ಧ ಇಳಿಯುತ್ತದೆ. ಊಟ, ಮಜ್ಜಿಗೆ, ಕೌಂಟರಿನ ಹಿಂದೆ ಚಾಪೆ, ಗೊರಕೆ. ಅವನ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಮಕ್ಕಳ ಬಯೋಡೇಟಾ ಏರಿಸಲು ಬರುವ ತಂದೆತಾಯಿಗಳೇ. ಯಾರಿಗೋ ಈ ಸೈಟು ತೆರೆದುಕೊಟ್ಟಿರಬೇಕು.

ಕೊನೆಯ ಸಾಲಿಗೆ ಬಂದಳು. ಮೊನ್ನೆ ಸಂಜೆ ಐದು ಗಂಟೆ. ಆಮೇಲೆ ಆ ನಂಬರು ಇಲ್ಲ.

ನೋಡುವುದನ್ನು ನಿಲ್ಲಿಸಿದ್ದಾನೆ. ಎದ್ದು ಹೊರಟವನು ಯಾಕೆ ನೋಡುತ್ತಾನೆ?

ಮನೆಗೆ ಫೋನ್ ಮಾಡಿದಳು. ಒಂದೇ ರಿಂಗಿಗೆ ಅತ್ತೆ ಎತ್ತಿದಳು.

"ಎಷ್ಟೊತ್ತಿಂದ ಹೊಡೀತಿದೀನೇ, ಎಂಗೇಜು ಎಂಗೇಜು! ಬಂದಿದ್ನವ್ವ, ಆ ಮೂದೇವಿ."

"ಯಾವಾಗ ಅತ್ತೆ?"

"ಹತ್ತು ಗಂಟೆಗೆ ಬಂದ. ಅಂಥೋಳು ಯಾರೂ ಇಲ್ಲ ಹೋಗಪ್ಪ ಅಂದೆ. ನಗ್ತಾನೆ! 'ಅತ್ತೇರೆ, ಕಂಪ್ಯೂಟರ್ನಾಗೆ ಬರ್ದೈತೆ' ಅಂತಾನೆ. ಗೇಟು ಹಾಕ್ದೆ. ಎದುರಿಗೆ ಟೀ ಅಂಗಡೀಲಿ ಕೂತ. ಪರಮೇಶ್ವರಪ್ಪಗೆ ಫೋನ್ ಮಾಡ್ದೆ, ಓಡಿಸ್ಲಿ ಅಂತ. ಆ ಪುಣ್ಯಾತ್ಮ ತಾಂಬರಂನಿಂದ ಬಂದು, ಅವನಿಗೆ ಇನ್ನೊಂದು ಟೀ ಕುಡಿಸಿ, ಹೆಗಲ ಮೇಲೆ ಕೈ ಹಾಕಿ ಕರ್ಕೊಂಡು ಹೋದ."

"ಎಲ್ಲಿಗೆ?"

"ನನಗೇನು ಗೊತ್ತು! ನೀನು ಬಾಗಿಲು ಹಾಕ್ಕೋ. ಕೇಳಿಸ್ತಾ? ಹಾಕ್ಕೋ ಮೊದಲು."

ಬಾಗಿಲಿಗೆ ಚಿಲಕವಿತ್ತು, ಕೊಂಡಿ ಇರಲಿಲ್ಲ. ಕಳೆದ ವರ್ಷವೇ ಮುರಿದದ್ದು. ಕಿಟಕಿಯಿಂದ ಇಣುಕಿದಳು. ಶುಕ್ರವಾರದ ಸಂತೆ; ಹಳೇ ಫ್ಯಾನು, ಗುಲಾಬಿ ಸಸಿ, ಪಂಜರದ ಪಾರಿವಾಳಗಳ ನಡುವೆ ಜನ ಹಿಟ್ಟಿನಂತೆ ಜರಡಿಯಾಗುತ್ತಿದ್ದರು. ಪ್ರತಿ ಬಿಳಿ ಅಂಗಿಯೂ ಅವನದೇ. ಇಳಿದು ಓಡಿದರೆ ಎದುರಿಗೇ ಸಿಕ್ಕರೆ? ಇಲ್ಲೇ ಕೂತರೆ? ಕಬ್ಬಿಣದ ಮೆಟ್ಟಿಲು ಸದ್ದು ಮಾಡಿತು. ಒಂದು ಜೊತೆ ಕಾಲೋ ಎರಡೋ ಎಂದು ಗಿರಣಿಯ ಗದ್ದಲದಲ್ಲಿ ಲೆಕ್ಕ ಸಿಗಲಿಲ್ಲ. ಅವಳು ಬಾಗಿಲಿಗೆ ಬೆನ್ನು ಕೊಟ್ಟು, ಹಿಮ್ಮಡಿ ಊರಿ ನಿಂತಳು.

"ನಾನವ್ವ. ಒಬ್ಬನೇ ಇದೀನಿ."

ಅವಳು ಬಾಗಿಲು ಬಿಟ್ಟು ಸರಿದಳು. ಪರಮೇಶ್ವರಪ್ಪ ಏದುಸಿರು ಬಿಡುತ್ತ ಒಳಗೆ ಬಂದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಅವಳ ಕಣ್ಣನ್ನು ಬಿಟ್ಟು ಕ್ಯಾಲೆಂಡರ್ ನೋಡಿದರು.

"ಅವನೆಲ್ಲಿ?"

"ಕೆಳಗೆ ಗಿರಣಿ ಹತ್ರ ನಿಂತವ್ನೆ. ಮೇಲೆ ಬರಬೇಡ ಅಂದಿದೀನಿ. ಕೊಂಜಂ ಕೂತ್ಕೋ, ಮಾತಾಡಣ."

ಅವಳು ಕೂತಳು. ಪರದೆಯ ಮೇಲೆ ಅದೇ ಕಪ್ಪು ಚೌಕ, ಮಿಟುಕುವ ಗೆರೆ. ಹೊಸ ಪ್ರಮಾಣಪತ್ರದ ಆಜ್ಞೆ ಒತ್ತಿದಳು. ಕೈಗೆ ಏನಾದರೂ ಕೆಲಸ ಬೇಕಿತ್ತು.

"ಅತ್ತುಬಿಟ್ಟ ಕಣವ್ವ ನನ್ನ ಮುಂದೆ," ಎಂದರು ಪರಮೇಶ್ವರಪ್ಪ. "ಟೀ ಅಂಗಡೀಲಿ, ನಾಲ್ಕು ಜನದ ಮುಂದೆ."

ದೇಶ? ಬರೆದಳು. ರಾಜ್ಯ? ಬರೆದಳು.

"ಅಂಗಡೀಲಿ ನಿನಗೇ ಒಂದು ಕಂಪ್ಯೂಟರ್ ಕೊಡ್ತಾನಂತೆ. ಬೀಗದ ಕೈಯೂ ನಿನ್ನ ಹತ್ರಾನೇ."

"ಯಾವ ಬೀಗದ್ದು?"

"ಷಟರಿನದು."

ಅವಳು ಎಡಗೈಯನ್ನು ಮೇಜಿನ ಮೇಲಿಟ್ಟಳು, ಬೆಳಕಿಗೆ. ಪರಮೇಶ್ವರಪ್ಪ ಮತ್ತೆ ಕ್ಯಾಲೆಂಡರಿಗೆ ಹೋದರು.

ಸಂಸ್ಥೆ? ಸಂಘದ ಹೆಸರು ಬರೆದಳು. ವಿಭಾಗ? ಬೆರಳು ನಿಂತವು. ಒಂದು ಚುಕ್ಕಿ ಇಟ್ಟರೆ ಈ ಕಾಲಂ ಖಾಲಿ ಉಳಿಯುತ್ತದೆ ಎಂದು ಪರದೆಯೇ ಹೇಳುತ್ತಿತ್ತು. ಹನ್ನೊಂದು ದಿನದ ಹಿಂದೆಯೂ ಹೇಳಿತ್ತು. ಚುಕ್ಕಿ ಇಟ್ಟಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಖಾಲಿ ಬಿಟ್ಟ ಮೊದಲ ಕಾಲಂ. ಹೆಸರು? ಸೈಟಿನ ಹೆಸರು ಬರೆದಳು. ಎಡಗೈ ಎರಡು ಸಲ ತಪ್ಪಿತು, ತಿದ್ದಿದಳು. ಸರ್ವರ್ ಮತ್ತೆ ಎದ್ದಿತು. ಸಹಿ ಇನ್ನೂ ತಮ್ಮದೇ ಆದ್ದರಿಂದ ಎಚ್ಚರಿಕೆ ಈಗಲೂ ಬರುತ್ತಿತ್ತು, ಆದರೆ ಒತ್ತಿ ನೋಡಿದರೆ ಅದರೊಳಗೆ ಯಾರೂ ಇರಲಿಲ್ಲ.

ಇದರಿಂದ ಈಗ ಏನು ಬಂತು? ಓದಬೇಕಾದವನು ಓದಿಯಾಗಿತ್ತು. ಕೆಳಗೆ ಗಿರಣಿ ನಿಂತಿತು, ಯಾರೋ ಕೆಮ್ಮಿದ್ದು ಕೇಳಿಸಿತು.

"ನಿಮ್ಮಪ್ಪ ಇದ್ದಿದ್ರೂ ಇದನ್ನೇ ಮಾಡ್ತಿದ್ದ," ಎಂದು ಪರಮೇಶ್ವರಪ್ಪ ಜೇಬಿನಿಂದ ಮಡಚಿದ ಟಿಕೆಟ್ ತೆಗೆದು ಕೀಬೋರ್ಡಿನ ಮೇಲೆ ಬಿಡಿಸಿಟ್ಟರು. "ಇವತ್ತಿನ ಗಾಡಿ. ಇಬ್ಬರಿಗೂ. ಎಮರ್ಜೆನ್ಸಿ ಕೋಟಾದಾಗೆ ಹಾಕ್ಸಿದೀನಿ, ನನ್ನ ಹಳೇ ಹುಡುಗ್ರು ಇಲ್ಲ ಅನ್ನಲಿಲ್ಲ. ಕೆಳಗಿನ ಬರ್ತು. ಹೆಸರು, ವಯಸ್ಸು ಎಲ್ಲ ಸರಿ ಐತಾ ನೋಡ್ಕಳವ್ವ."

ಅವಳು ನೋಡಿದಳು. ಶರಣ್ಯಾ ಸುರೇಶ. ಇಪ್ಪತ್ತೆಂಟು. ಸ್ತ್ರೀ. ಒಂದು ಕಾಲಮ್ಮೂ ಖಾಲಿ ಇರಲಿಲ್ಲ, ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ. ಮೆಟ್ಟಿಲ ಮೇಲೆ ಈಗ ನಿಧಾನವಾಗಿ ಇನ್ನೊಂದು ಜೊತೆ ಚಪ್ಪಲಿ ಹತ್ತುತ್ತಿತ್ತು.

"ಎಲ್ಲ ಸರಿ ಇದೆ," ಎಂದಳು, ಹೊರಗೂ ಕೇಳುವ ಹಾಗೆ. "ನಾನು ಹೋಗಲ್ಲ."