ಒಡೆಯುವ ಸಾಮಾನು

ಗೋದಾಮಿನ ಕಿಟಕಿಯ ಬೆಳಕಿಗೆ ಹೂದಾನಿಯನ್ನು ಹಿಡಿದು ಅವನು ಫೋಟೊ ತೆಗೆದ. ತೆಳುವಾದ ನೀಲಿ ಗಾಜು. ಬೆರಳಿನಿಂದ ತಟ್ಟಿದರೆ ಸಣ್ಣಗೆ ದನಿ ಮಾಡುತ್ತಿತ್ತು. ಫೋಟೊ ಕಳಿಸಿ, ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಕೂತು ಕಾಯತೊಡಗಿದ.

ಬಾಗಿಲು ಹಾಕಿದ ಅಂಗಡಿಗಳ ಉಳಿಕೆ ಸಾಮಾನೆಲ್ಲ ಈ ಗೋದಾಮಿಗೆ ಬಂದು ಬೀಳುತ್ತಿತ್ತು. ಅದರಲ್ಲಿ ಆರಿಸಿ, ಸಗಟು ದರಕ್ಕೆ ಕೊಂಡು, ಆನ್‌ಲೈನ್‌ನಲ್ಲಿ ಮಾರುವುದು ಅವನ ಕಸುಬು. ಓಡಾಡುತ್ತಿದ್ದವನು ಅವನಾದರೂ ಬೇಕು ಬೇಡ ಹೇಳುತ್ತಿದ್ದವಳು ಅವಳು. ಅವಳೆಂದರೆ ಹೆಂಡತಿ, ಕಾಗದದ ಪ್ರಕಾರ ಈಗ ಹೆಂಡತಿಯಲ್ಲ. ವಿಚ್ಛೇದನವಾದ ಮೇಲೆ ಅಣ್ಣನ ಮನೆ ಸೇರಿದ್ದಳು. ಮನೆ ಬಿಟ್ಟರೂ ವ್ಯಾಪಾರ ಬಿಟ್ಟಿರಲಿಲ್ಲ. ಅದಿನ್ನೂ ಇಬ್ಬರ ಹೆಸರಿನಲ್ಲಿತ್ತು. ಯಾವುದು ಬಿಕರಿಯಾಗುತ್ತದೆ, ಯಾವುದು ಮೂಲೆ ಹಿಡಿಯುತ್ತದೆ ಎಂದು ಅವಳು ಫೋಟೊ ನೋಡಿಯೇ ಹೇಳುತ್ತಿದ್ದಳು.

ಫೋನು ಬಂತು.

"ಗಾಜಿಂದು ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ? ದಾರೀಲಿ ಒಡೆದ್ರೆ ವಾಪಸ್ ಬರುತ್ತೆ. ಹೋದ ಖರ್ಚು, ಬಂದ ಖರ್ಚು, ಎರಡೂ ನಮ್ಮ ತಲೆ ಮೇಲೆ."

ಅವನು ಹೂಂಗುಟ್ಟಿದ. 'ನಮ್ಮ' ಎಂಬ ಮಾತು ಅವಳ ಬಾಯಲ್ಲಿ ಇನ್ನೂ ಉಳಿದದ್ದು ಈ ಖರ್ಚಿನ ಲೆಕ್ಕದಲ್ಲಿ ಮಾತ್ರ. ಅದನ್ನು ಕೇಳಲೆಂದೇ ಹೂದಾನಿಯ ಫೋಟೊ ಕಳಿಸಿದ್ದ.

ಹಗುರವಿರಬೇಕು, ಒಡೆಯಬಾರದು, ಕಾಲಿಗೋ ಮೈಗೋ ಅಳತೆ ಕೇಳುವಂಥದ್ದಾಗಬಾರದು, ಕಳೆದುಹೋದರೆ ಜನ ಇನ್ನೊಮ್ಮೆ ಕೊಳ್ಳುವಂತಿರಬೇಕು. ಅವಳ ಈ ಪಾಠ ಅವನಿಗೆ ಬಾಯಿಪಾಠವಾಗಿ ಎಷ್ಟೋ ದಿನವಾಗಿತ್ತು. ಆದರೂ ಬೂಟಿನ ಫೋಟೊ ಕಳಿಸುತ್ತಿದ್ದ, ಎತ್ತಲಾರದ ಕಬ್ಬಿಣದ ಬಾಣಲೆಯ ಫೋಟೊ ಕಳಿಸುತ್ತಿದ್ದ. ಅವಳು ಫೋನು ಮಾಡಿ ಬೈಯುತ್ತಿದ್ದಳು. ಬೈಗುಳದ ಬಾಲದಲ್ಲಿ ಬೇರೆ ಒಂದೆರಡು ಮಾತೂ ಬರುತ್ತಿತ್ತು: ಅತ್ತಿಗೆಯ ಮಂಡಿನೋವು, ಅವನ ಕೆಮ್ಮು. ಒಂದೇ ಸೂರಿನಡಿ ಇದ್ದಾಗ ಅವನು ಹೀಗೆ ಮಾತಾಡಿದವನೇ ಅಲ್ಲ. ಕೆಲಸಕ್ಕಿದ್ದ ಬಟ್ಟೆ ಅಂಗಡಿ ಮುಚ್ಚಿದ ಮೇಲಂತೂ ಬಾಯಿಗೆ ಬೀಗ. ಕೇಳಿದ್ದಕ್ಕೆ ಹೂಂ, ಬಡಿಸಿದ್ದಕ್ಕೆ ಸಾಕು. ಗೋಡೆಯ ಜೊತೆ ಸಂಸಾರ ಮಾಡಲಾಗದೆ ಅವಳು ಹೊರಟಿದ್ದಳು. ಜಗಳವಾಡಿ ಹೋಗಿದ್ದರೆ ರಾಜಿಗಾದರೂ ದಾರಿಯಿರುತ್ತಿತ್ತು.

ಗೋದಾಮಿನವನನ್ನು ಎಲ್ಲರೂ ದಪ್ಪಣ್ಣ ಎನ್ನುತ್ತಿದ್ದರು. ಆಳು ಮಾತ್ರ ಪೊರಕೆ ಕಡ್ಡಿ. ಕೊಳ್ಳುವುದಕ್ಕಿಂತ ಫೋಟೊ ತೆಗೆಯುವುದೇ ಜಾಸ್ತಿಯಾಯಿತು, ಸ್ಟುಡಿಯೊ ಬಾಡಿಗೆ ಕೊಡು ಎಂದು ದಪ್ಪಣ್ಣ ಆಚೆಯಿಂದ ಛೇಡಿಸಿದ. ಇವನು ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದ. ಅವಳ ದನಿ ಇವತ್ತು ಯಾಕೋ ಬೇರೆಯಿತ್ತು.

"ಒಂದು ಕೇಳ್ಲಾ?" ಎಂದಳು. "ಇದು ಹೋಗಲ್ಲ ಅಂತ ನಿಮಗೆ ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು."

ಅವಳು ನಿಧಾನವಾಗಿ ವಿಷಯ ಹೇಳಿದಳು. ಅಣ್ಣನ ಸ್ನೇಹಿತರೊಬ್ಬರು, ಹೆಂಡತಿ ತೀರಿಕೊಂಡವರು, ಮದುವೆಗೆ ಕೇಳಿದ್ದರು. ಅವಳು ಒಪ್ಪಿದ್ದಳು. ಇನ್ನು ಮುಂದೆ ಹೀಗೆ ಫೋನು ಮಾಡುವುದು ಚೆನ್ನಾಗಿರುವುದಿಲ್ಲ. ವ್ಯಾಪಾರವನ್ನು ಅವನೊಬ್ಬನ ಹೆಸರಿಗೇ ಮಾಡಿಕೊಳ್ಳಲಿ, ಅವಳಿಗೆ ಪಾಲು ಬೇಡ.

ಅವನ ಬಾಯಿಗೆ ಬಂದದ್ದು ಒಂದೇ ಪ್ರಶ್ನೆ.

"ಅವರು ಮಾತಾಡ್ತಾರಾ?"

ಅವಳಿಗೆ ನಗು ಬಂತು, ಅರ್ಧಕ್ಕೇ ನಿಂತಿತು. "ತುಂಬಾ. ನಿಲ್ಸೋದೇ ಕಷ್ಟ."

ಒಳ್ಳೆಯದಾಯಿತು ಎಂದ. ಮನಸಾರೆಯೇ ಹೇಳಿದ.

"ಆರಿಸೋದು ನಿಮಗೆ ಚೆನ್ನಾಗಿ ಬರುತ್ತೆ ಈಗ," ಎಂದಳು. "ಕೆಮ್ಮಿಗೆ ಔಷಧಿ ತಗೊಳ್ಳಿ." ಫೋನು ಇಟ್ಟಳು.

ಹೂದಾನಿಯನ್ನು ಹುಲ್ಲಿನ ಮೆತ್ತೆಯೊಳಗೆ ಮರಳಿ ಇಟ್ಟ. ಸಾಲು ಸಾಲು ಪೆಟ್ಟಿಗೆಗಳ ನಡುವೆ ಸುಮ್ಮನೆ ಅಡ್ಡಾಡಿದ. ತಳದ ಗೂಡಿನಲ್ಲಿ ಒಣಹಾಕಿದ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪುಗಳ ಚೀಲ ಸಿಕ್ಕಿತು. ಹಗುರ. ಎತ್ತಿ ಹಾಕಿದರೂ ಒಡೆಯದು. ಕೈ ತಾನಾಗಿ ಫೋನಿಗೆ ಹೋಯಿತು, ವಾಪಸು ಬಂತು. ಚೀಲವನ್ನು ಹೆಗಲಿಗೇರಿಸಿ ಹಣ ಕೊಟ್ಟು ಹೊರಟ.

ಕ್ಲಿಪ್ಪು ನಿಲ್ಲದೆ ಬಿಕರಿಯಾದವು. ಮತ್ತೆ ತಂದ, ಅವೂ ಹೋದವು. ಹೇಳಿಕೊಳ್ಳಲು ಬೇರೆ ಯಾರೂ ಇಲ್ಲದೆ ಆ ಖುಷಿಯನ್ನು ದಪ್ಪಣ್ಣನಿಗೆ ಹೇಳಿದ. ಮುಂದಿನ ಸಲ ದಪ್ಪಣ್ಣ ದರ ಏರಿಸಿದ. ಅವಳ ಮದುವೆ ಆಯಿತೆಂದು ಯಾರೋ ಹೇಳಿದರು. ವ್ಯಾಪಾರದ ಕಾಗದಪತ್ರ ಅವಳ ಸಹಿಯೊಂದಿಗೆ ಅಂಚೆಯಲ್ಲಿ ಬಂತು.

ಒಂದು ಬೆಳಿಗ್ಗೆ ಯಾರೋ ಗಿರಾಕಿ ಆ್ಯಪಿನಲ್ಲಿ ಕೇಳಿದ್ದರು: ಜೋರು ಗಾಳಿಗೆ ಬಟ್ಟೆ ಹಾರಿಹೋಗದ ಹಾಗೆ ಇದು ಹಿಡಿಯುತ್ತಾ? ಹಿಡಿಯುತ್ತೆ ಎಂದು ಬರೆಯಹೊರಟವನು ತಡೆದುಕೊಂಡ. ಮಾರಿದ್ದನೇ ಹೊರತು ಒಂದು ಸಲವೂ ಸಿಕ್ಕಿಸಿ ನೋಡಿರಲಿಲ್ಲ.

ಒಗೆದ ಅಂಗಿಯೊಂದನ್ನು ತಾರಸಿಗೆ ಒಯ್ದು, ಹಗ್ಗಕ್ಕೆ ಹಾಕಿ, ಎರಡೂ ಹೆಗಲಿಗೆ ಕ್ಲಿಪ್ಪು ಸಿಕ್ಕಿಸಿದ. ಗಾಳಿ ಬೀಸಿತು. ಅಂಗಿ ಎದೆಯುಬ್ಬಿಸಿಕೊಂಡು, ತೋಳುಗಳನ್ನು ಮುಂದಕ್ಕೆ ಚಾಚಿ, ಆಚೆ ಬೀದಿಯ ಕಡೆಗೆ ಜಗ್ಗಿತು. ಕ್ಲಿಪ್ಪು ಬಿಡಲಿಲ್ಲ. ಉತ್ತರ ಬರೆಯುವುದನ್ನು ಮರೆತು ಅವನು ನೋಡುತ್ತ ನಿಂತ. ಗಾಳಿ ಇಳಿದಾಗ ತೋಳುಗಳು ಇಳಿದವು. ಎದ್ದಾಗ ಮತ್ತೆ ಚಾಚಿದವು.