ನಾಗಯ್ಯನ ಜೇಬಿನ ಫ್ಯೂಸು

ಲೈನ್‌ಮನ್ ನಾಗಯ್ಯ ನಡೆಯುವಾಗ ಬಲಕ್ಕೆ ವಾಲುತ್ತಿದ್ದ. ಕಾಲಿನಲ್ಲಿ ಊನವೇನೂ ಇರಲಿಲ್ಲ. ಅವನ ಖಾಕಿ ಕೋಟಿನ ಬಲಜೇಬು ಪಿಂಗಾಣಿ ಫ್ಯೂಸುಗಳ ಭಾರಕ್ಕೆ ಜೋತುಬಿದ್ದು, ಅದರ ಜೊತೆಗೆ ಮನುಷ್ಯನೂ ವಾಲಿಕೊಂಡಿದ್ದ. ಕೊಳ್ಳೇಗಾಲ ಆಗಿನ್ನೂ ಮದರಾಸಿಗೆ ಸೇರಿತ್ತು. ಕರೆಂಟು ಆಫೀಸಿನ ಸಾಹೇಬರು ತಮಿಳಿನಲ್ಲಿ ಗದರಿದರೆ ಇವನು ಕನ್ನಡದಲ್ಲಿ "ಆಗ್ಲಿ ಸಾ" ಎಂದು ವಿನಯದಿಂದ ತಲೆಬಾಗಿ, ತನಗೆ ತೋಚಿದ್ದನ್ನೇ ಮಾಡುತ್ತಿದ್ದ.

ಯಾರಾದರೂ ಕಂಬ ಹತ್ತಬೇಕಾದರೆ ನಾಗಯ್ಯ ಮೊದಲು ಆ ಬೀದಿಯ ಫ್ಯೂಸು ಕಿತ್ತು, ಕರೆಂಟು ನಿಲ್ಲಿಸಿ, ಅದನ್ನು ಜೇಬಿಗೆ ಹಾಕುವನು. ಹತ್ತಿದವನು ಇಳಿದು, ಎದುರಿಗೆ ಬಂದು, ಇವನ ಕೈಮುಟ್ಟಿ "ಇಳಿದೆ ಕಣಣ್ಣ" ಎನ್ನುವ ತನಕ ಅದು ಹೊರಗೆ ಬರುವಂತಿರಲಿಲ್ಲ. ಇದು ವಿವೇಕವೋ ಬರೀ ಗೀಳೋ, ನನಗಂತೂ ಎಂದೂ ತಿಳಿಯಲಿಲ್ಲ.

ರೇಷ್ಮೆ ವ್ಯಾಪಾರಿ ಪುಟ್ಟಮಲ್ಲಪ್ಪನವರ ಮಗಳ ಮದುವೆಯ ಹಿಂದಿನ ಸಂಜೆ, ಚಪ್ಪರದ ಮುಂದಿನ ಕಂಬದ ತಂತಿ ಸರಿಪಡಿಸಲು ಅವನ ಕೈಕೆಳಗಿನ ಹುಡುಗ ಚೆನ್ನಯ್ಯ ಹತ್ತಿದ್ದ. ನಾಗಯ್ಯ ಬೀದಿಯ ಕೊನೆಯಲ್ಲಿ ಫ್ಯೂಸು ಪೆಟ್ಟಿಗೆಯ ಬಳಿ ಕಾದು ನಿಂತ. ಹೊತ್ತು ಮುಳುಗಿತು, ಗಂಡಿನ ಕಡೆಯವರು ಬಂದಿಳಿದರು, ಚೆನ್ನಯ್ಯ ಮಾತ್ರ ಬರಲಿಲ್ಲ.

"ಕಂಬ ಖಾಲಿ ಅದಲ್ಲಯ್ಯ, ಕಣ್ ಕಾಣಾಕಿಲ್ವಾ?" ಎಂದು ಪುಟ್ಟಮಲ್ಲಪ್ಪನವರು ಕೂಗಾಡಿದರು.

ನಾಗಯ್ಯ ಕಂಬದ ತನಕ ಹೋಗಿ ಕತ್ತೆತ್ತಿ ನೋಡಿದ, ಸುತ್ತುಬಂದ, ಮುಂದಿನ ಕಂಬವನ್ನೂ ನೋಡಿ ಬಂದ. ದಾರಿ ತಪ್ಪಿದವನ ಹಾಗೆ ಮುಖ ಮಾಡಿಕೊಂಡು, "ಖಾಲಿ ಕಾಣ್ತದೆ ಬುದ್ದಿ. ತಂತೀಲಿ ಕರೆಂಟೂ ಕಾಣಾಕಿಲ್ಲ, ಅಂಗಂತ ಮುಟ್ಟೀರಾ?" ಎಂದ.

ಸಾಹೇಬರೇ ಬಂದು ಕೆಲಸದಿಂದ ಕಿತ್ತುಹಾಕುವುದಾಗಿ ಹೆದರಿಸಿದರು. ಅವನು ಬೆವರುತ್ತಾ ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡನೇ ಹೊರತು ಫ್ಯೂಸು ತೆಗೆಯಲಿಲ್ಲ. ಆ ಕತ್ತಲಲ್ಲೇ ನನ್ನ ದೊಡ್ಡಮ್ಮ ಗುರುಬಸಮ್ಮ ಅದೇ ಬೀದಿಯ ನಮ್ಮ ಮನೆಯ ಜಗಲಿಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡರು. ನಾನು ನಾಗಯ್ಯನನ್ನು ಬಾಯಿಗೆ ಬಂದಂತೆ ಬೈದೆ.

ಬೆಳಿಗ್ಗೆ ಚೆನ್ನಯ್ಯ ಸತ್ತೇಗಾಲದ ಬಸ್ಸಿನಿಂದ ಹಲ್ಲು ಕಿರಿಯುತ್ತಾ ಇಳಿದ. ಹೊರಟಿದ್ದ ಬಸ್ಸು ಕಂಡವನೇ ಕಂಬದಿಂದಿಳಿದು, ಹೇಳದೆ ಕೇಳದೆ ಊರಿಗೆ ಓಡಿದ್ದನಂತೆ. ನಾಗಯ್ಯ ಅವನ ಕೈಯನ್ನು ಮುಟ್ಟಿ ನೋಡಿದ, ಹೋಗಿ ಫ್ಯೂಸು ಹಾಕಿದ. ಮಧ್ಯಾಹ್ನದೊಳಗೆ ನಾಗಯ್ಯನ ಕೆಲಸ ಹೋಯಿತು.

ಸಂಜೆ ನಮ್ಮ ಬಾಗಿಲಲ್ಲಿ ಬಂದು ನಿಂತ. ಒಳಕ್ಕೆ ಬರಲಿಲ್ಲ, ತಪ್ಪಾಯಿತೆಂದೂ ಅನ್ನಲಿಲ್ಲ. ಕಾಲಿಗೆ ಬಿದಿರುದಬ್ಬೆ ಕಟ್ಟಿಸಿಕೊಂಡು ಮಲಗಿದ್ದ ದೊಡ್ಡಮ್ಮನೇ ಕೇಳಿದರು:

"ನಿನ್ ಚೆನ್ನಯ್ಯ ಬಂದ್ನೇನಪ್ಪ?"

"ಬಂದ ಕಣವ್ವಾ. ಬಸ್ ಅತ್ಕಂಡು ಓಗಿದ್ನಂತೆ."

"ಬದುಕವ್ನಲ್ಲ, ಬುಡು."

ನಾಗಯ್ಯ ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟ. ನೋವಿನಲ್ಲಿ ನರಳುತ್ತಿರುವವರು ನೆಮ್ಮದಿಯಾಗಿದ್ದಾರೆ, ಬೈದ ನಾನು ಬೆಪ್ಪಾಗಿ ನಿಂತಿದ್ದೇನೆ. ಯಾರ ಪಕ್ಷ ಹಿಡಿಯಬೇಕೋ ನನಗೆ ಹೊಳೆಯಲಿಲ್ಲ.

ಮುರಿದ ಕಾಲನ್ನು ಊರೆಲ್ಲ ಬಂದು ನೋಡಿ ಹೋಯಿತು. ಆಗದೆ ಉಳಿದ ಸಾವನ್ನು ನೋಡುವುದಾದರೂ ಹೇಗೆ? ಕೇಡು ಆಗದಂತೆ ಕಾಯುತ್ತಾ ಬದುಕು ಸವೆಸುವ ಇಂಥ ಜನ, ತಾವು ತಡೆದ ಕೇಡು ನಿಜವಾಗಿ ಇತ್ತೋ ಇಲ್ಲವೋ ತಿಳಿಯದೆಯೇ ಹೋಗಿಬಿಡುತ್ತಾರೆ. ಅವರನ್ನು ಹೊಗಳಲು ನನಗೆ ಇವತ್ತಿಗೂ ಧೈರ್ಯವಿಲ್ಲ, ಬೈಯಲು ಬಾಯಿಲ್ಲ.