ನಿಂತು ತೋರಿಸಿದವರು

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಬಾಡಿಗೆ ಕುರ್ಚಿಗಳನ್ನು ಭಾವ ಹಿಂದಿನ ಸಂಜೆಯೇ ಸಾಗಿಸಿದ್ದರು. ಹಾಸಿಗೆ ಮಡಚಿದೆ. ಕಸ ಗುಡಿಸಿದೆ. ಗಂಡನ ಮೊಬೈಲ್ ಹೊಡೆದುಕೊಂಡಿತು.

“ಏನಪ್ಪಾ, ಪತ್ತೆನೇ ಇಲ್ಲ! ಅಡುಗೆಮನೆ ಜೋಡಿಸೋರು ಬಂದಿದಾರೆ. ನೀನು ಬಂದು ನಿಂತು ತೋರಿಸ್ದೆ ನಾನು ಸೈನ್ ಹಾಕಲ್ಲ, ನೋಡು.” ವಯಸ್ಸಾದ ಹೆಂಗಸಿನ ದನಿ.

“ನಾನು ಅವರ ಹೆಂಡತಿ. ಬರ್ತೀನಿ,” ಎಂದೆ. ಉಳಿದದ್ದನ್ನು ಫೋನಿನಲ್ಲಿ ಹೇಳಲಾಗಲಿಲ್ಲ.

ನನ್ನ ಗಂಡ ಮಾರುತ್ತಿದ್ದದ್ದು ಅಡುಗೆಮನೆಗಳನ್ನು. ಆರ್ಡರ್ ಸಿಕ್ಕಾಗ ಅರ್ಧ ಕಮಿಷನ್. ಉಳಿದರ್ಧ ಜೋಡಣೆಯ ದಿನ: ಮಾರಿದವನು ಅಲ್ಲೇ ನಿಂತು ಒಂದೊಂದು ಬಾಗಿಲು, ಒಂದೊಂದು ಡ್ರಾಯರ್ ತೆರೆದು ತೋರಿಸಬೇಕು, ಗಿರಾಕಿ ಸೈನ್ ಹಾಕಬೇಕು. ಈ ಮನೆಗೆ ಅವರು ಎಷ್ಟು ಅಲೆದಿದ್ದರೋ. ನಮ್ಮ ಬಾಡಿಗೆ ಆ ಅರ್ಧದಿಂದಲೇ ಹೋಗಬೇಕಿತ್ತು.

ಅವರ ಸ್ಕೂಟರಿನಲ್ಲೇ ಹೋದೆ. ಅಲ್ಲಿ ಆಗಲೇ ಬೆಣ್ಣೆ ಇದ್ದ. ಅವರ ಸಹೋದ್ಯೋಗಿ, ಮಾತಿನಲ್ಲಿ ಸವರುವುದಕ್ಕೆ ಬಂದ ಹೆಸರು. ಶವಕ್ಕೆ ಹೆಗಲು ಕೊಟ್ಟವನು, ಎಲ್ಲರಿಗಿಂತ ಜೋರಾಗಿ ಅತ್ತವನು.

“ಅಣ್ಣ ರಜೆ ಮೇಲಿದಾರೆ ಅಮ್ಮ, ನಾನೇ ತೋರಿಸ್ತೀನಿ,” ಎನ್ನುತ್ತಿದ್ದ.

“ರಜೆಯಲ್ಲ,” ಬಾಗಿಲಿನಿಂದಲೇ ಹೇಳಿದೆ. “ಹೋದ ವಾರ ತೀರಿಕೊಂಡರು.”

ಮನೆಯೊಡತಿ ಅಲ್ಲೇ ಇದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು. ಆಮೇಲೆ ಬೆಣ್ಣೆಯ ಕಡೆ ತಿರುಗಿದರು. “ಯಾವ ರಜೆನೋ ಅದು?”

ಅವನು ನನ್ನನ್ನು ಪಕ್ಕಕ್ಕೆ ಕರೆದ. “ಅತ್ತಿಗೆ, ನೀವು ಓದಿದವರು, ಅರ್ಥ ಮಾಡ್ಕೊಳ್ತೀರಿ. ಕಂಪ್ಯೂಟರಲ್ಲಿ ಅಣ್ಣನ ಹೆಸರಿನ ಕೋಡ್ ಮುಚ್ಚಿಬಿಟ್ರು. ಮುಚ್ಚಿದ ಕೋಡಿಗೆ ಕಮಿಷನ್ ಹೋಗಲ್ಲ. ನನ್ನ ಕೋಡಿಗೆ ಬಂದ್ರೆ ಮನೇಲೇ ಉಳಿದ ಹಾಗೆ.”

“ಯಾರ ಮನೇಲಿ?”

ಅವನು ಕೈಯಲ್ಲಿದ್ದ ಹಾಳೆಯ ಅಂಚು ಸರಿಮಾಡಿದ.

“ಯಾವಾಗ ಮುಚ್ಚಿದ್ರು?”

“ಅವತ್ತೇ. ಮ್ಯಾನೇಜರ್ ಅಲ್ಲಿಂದಲೇ ಫೋನ್ ಮಾಡಿದ್ರು.”

ಅಲ್ಲಿಂದ ಎಂದರೆ ನಮ್ಮ ಅಂಗಳದಿಂದ. ಹಾರ ಹಾಕಿ, ಕೈಮುಗಿದು, ಗೋಡೆಯ ಬದಿಗೆ ಹೋಗಿ ಮಾತಾಡುತ್ತಿದ್ದರು. ಯಾರಿಗೋ ಸುದ್ದಿ ತಿಳಿಸುತ್ತಿದ್ದಾರೆ ಅಂದುಕೊಂಡಿದ್ದೆ.

ಅಷ್ಟು ದಿನ ಮೈ ಮರಗಟ್ಟಿತ್ತು. ಈಗ ಕಿವಿ ಕಾದವು.

ಒಳಗೆ ನುಗ್ಗಿ ಡ್ರಾಯರುಗಳನ್ನು ಎಳೆಯತೊಡಗಿದೆ. ಇದು ಚಮಚಗಳಿಗೆ. ಇದು ಭಾರದ ಪಾತ್ರೆಗಳಿಗೆ. ಈ ಮೂಲೆಯ ತಟ್ಟೆಯನ್ನು ಇಷ್ಟು ಎಳೆದರೆ ಸಾಕು, ಉಳಿದದ್ದು ತಾನೇ ಬರುತ್ತದೆ. ನಮ್ಮ ಮುರುಕು ಕಪಾಟಿನ ಮುಂದೆ ಅವರು ಅಭ್ಯಾಸ ಮಾಡುತ್ತಿದ್ದ ಮಾತುಗಳು. ಒಂದು ಬಾಗಿಲನ್ನು ಧಡಾರನೆ ಬಡಿಯಲೆಂದು ತಳ್ಳಿದೆ. ಅದು ಸದ್ದಿಲ್ಲದೆ ನಿಧಾನಕ್ಕೆ ಮುಚ್ಚಿಕೊಂಡಿತು. ಅದಕ್ಕೂ ಸಿಟ್ಟು ಬಂತು.

“ಚೆನ್ನಾಗಿದೆ,” ಎಂದರು ಮನೆಯೊಡತಿ. “ಪೆನ್ ಕೊಡಿ.”

ಬೆಣ್ಣೆ ಹಾಳೆ ಹಿಡಿದು ಓಡಿಬಂದ.

“ಹಾಕಬೇಡಿ ಅಮ್ಮ. ಹಾಕಿದ್ರೆ ದುಡ್ಡು ಇವನಿಗೆ ಹೋಗುತ್ತೆ. ಅಲೆದದ್ದು ನನ್ನ ಗಂಡ.”

ಅವರು ಪೆನ್ ಕೆಳಗಿಟ್ಟು ಮ್ಯಾನೇಜರಿಗೆ ಫೋನ್ ಮಾಡಿಸಿದರು. ಸ್ಪೀಕರಿನಲ್ಲಿ ಮೆತ್ತನೆಯ ದನಿ: “ದುಃಖ ನಮಗೂ ಅರ್ಥ ಆಗುತ್ತೆ ಅಮ್ಮ. ಆದ್ರೆ ಏನ್ಮಾಡೋದು, ಕಂಪ್ಯೂಟರ್ ತಗೊಳ್ಳಲ್ಲ.”

“ನನ್ನ ಕೊನೇ ಕಂತು ತಗೊಳ್ಳುತ್ತಾ ನಿಮ್ಮ ಕಂಪ್ಯೂಟರು?”

“ಅಮ್ಮ, ಅದು ಬೇರೆ...”

“ಆ ಹುಡುಗನ ಹೆಸರಲ್ಲಿ ಹಾಳೆ ಬರಲಿ. ನಿಂತು ತೋರಿಸಿದ್ದು ಅವನ ಹೆಂಡತಿ. ಅಲ್ಲೀವರೆಗೆ ಸೈನೂ ಇಲ್ಲ, ಕಾಸೂ ಇಲ್ಲ.”

“ನೋಡೋಣ ಅಮ್ಮ...”

“ನೋಡಿ,” ಎಂದು ಫೋನ್ ಇಟ್ಟರು.

ಗೇಟಿನ ತನಕ ಬೆಣ್ಣೆ ಹಿಂದೆಯೇ ಬಂದ. “ತಪ್ಪು ತಿಳ್ಕೋಬೇಡಿ ಅತ್ತಿಗೆ. ಅಣ್ಣ ನನ್ನ ಲೇಸರ್ ಅಳತೆ ಯಂತ್ರ ಎರವಲು ತಗೊಂಡಿದ್ರು. ನಾಳೆ ಒಂದು ಮನೆ ಅಳೀಬೇಕು.”

ಸ್ಕೂಟರಿನ ಡಿಕ್ಕಿ ತೆರೆದೆ. ಅಲ್ಲೇ ಇತ್ತು. ಗುಂಡಿ ಒತ್ತಿದಾಗ ಅವನ ಅಂಗಿಯ ಮೇಲೆ ಕೆಂಪು ಚುಕ್ಕೆ ಬಂದು ಕೂತಿತು.

“ಸರಿಯಾಗಿದೆ ತಾನೇ?”

“ಹೂಂ, ಅತ್ತಿಗೆ.”

ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಗಳನ್ನು ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡೆ.

“ಇವು ನಮ್ಮ ದುಡ್ಡಿನವು,” ಎಂದು ಯಂತ್ರವನ್ನು ಅವನ ಕೈಗಿಟ್ಟೆ.